ಮಧುಗಿರಿ ಕಡೆಯವಳು. ಎರಡು ತಿಂಗಳ ಮಗುವಿದೆ, ಹೆರಿಗೆಯ ನಂತರದ ಖಿನ್ನತೆಗೆ ಡಾಕ್ಟರು ಸರ್ಟ್ರಾಲಿನ್ ಮಾತ್ರೆ ಕೊಟ್ಟಿದ್ದಾರೆ. ಹಾಲು ಬಿಡಿಸಲೋ, ಮಾತ್ರೆ ಬಿಡಲೋ?

ಎರಡನ್ನೂ ಬಿಡಬೇಡಿ. ಶಿರಾ ಹತ್ತಿರದ ತವರುಮನೆಯಲ್ಲಿ ಬಾಣಂತನಕ್ಕೆ ಇದ್ದಾಗ ನಾನೂ ಇದೇ ಇಕ್ಕಟ್ಟಿಗೆ ಸಿಕ್ಕಿ ಮಾತ್ರೆ ಬಿಟ್ಟವಳು. ಅದೂ ಏಳನೇ ವಾರದಲ್ಲಿ, ಸರಿಹೋಗುತ್ತಿದ್ದಾಗ.

ತುಮಕೂರಿನ ಮನೋವೈದ್ಯರು ಮೊದಲ ವಾರ 25 ಮಿಲಿಗ್ರಾಂ, ಆಮೇಲೆ 50 ಬರೆದಿದ್ದರು. ಮೊದಲ ಎರಡು ವಾರ ಹೊಟ್ಟೆ ತೊಳಸಿದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ನಾಲ್ಕನೇ ವಾರ ಮಗು ಮಲಗಿದಾಗ ನನಗೂ ನಿದ್ದೆ ಬಂತು. ಆರನೇ ವಾರಕ್ಕೆ ಮೆಣಸಿನ ಸಾರು ರುಚಿಸಿತು. ಅಷ್ಟರಲ್ಲಿ ಔಷಧಿ ಅಂಗಡಿಯವನು ಚೀಟಿ ನೋಡಿ, "ಹಾಲು ಕುಡಿಸ್ತೀರಾ? ಇದನ್ನ ತಗೋಬಾರ್ದಲ್ಲಾ" ಅಂದ. ಅಮ್ಮ, "ಈಗ ಚೆನ್ನಾಗೇ ಇದ್ದೀಯಲ್ಲ, ಕೂಸಿಗ್ಯಾಕೆ ವಿಷ" ಅಂದರು. ಮಾರನೇ ದಿನದಿಂದಲೇ ನಿಲ್ಲಿಸಿದೆ.

ಈ ಒಂದು ತಪ್ಪನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇದರ ಹೊಟ್ಟೆಯಲ್ಲಿ ಮೂರು ತಪ್ಪು ಕೂತಿದ್ದವು. ನಾನು ಚೆನ್ನಾಗಿದ್ದದ್ದು ಮಾತ್ರೆ ಕೆಲಸ ಮಾಡುತ್ತಿದ್ದುದರಿಂದ. ಇದು ಜ್ವರದ ಮಾತ್ರೆಯಲ್ಲ, ಇಳಿಯಿತು ಅಂತ ನಿಲ್ಲಿಸೋಕೆ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ತಗೊಂಡು, ಆಮೇಲೆ ಡಾಕ್ಟರು ಹೇಳಿದಂತೆ ವಾರಗಟ್ಟಲೆ ಇಳಿಸುತ್ತಾ ಬರಬೇಕು. ಎರಡನೆಯದು, ದಿಢೀರನೆ ಬಿಟ್ಟಿದ್ದರಿಂದ ಎರಡು ದಿನದಲ್ಲೇ ತಲೆಸುತ್ತು ಶುರುವಾಯಿತು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತೆ ಆಗೋದು, ಸುಮ್ಮಸುಮ್ಮನೆ ರೇಗೋದು. ಬಿಟ್ಟದ್ದರಿಂದ ಹೀಗಾಗಿದೆ ಅಂತ ಯೋಚಿಸಲಿಲ್ಲ. "ಬಿಟ್ಟ ಮೇಲೂ ಇಷ್ಟು ಕಾಡುತ್ತಲ್ಲ, ವಿಷವೇ ಸರಿ" ಅಂದುಕೊಂಡೆ. ಒಂದೆರಡು ವಾರಕ್ಕೆ ಅದೆಲ್ಲ ನಿಂತಾಗ ಗೆದ್ದೆ ಅಂತಲೇ ಭಾವಿಸಿದೆ. ತಿಂಗಳು ಕಳೆಯುವುದರೊಳಗೆ ಹಳೇ ಕತ್ತಲೆ ವಾಪಸ್ಸು ಬಂದು ಕೂತಿತ್ತು. ಮೂರನೆಯದು, ನಾಚಿಕೆಗೆ ಡಾಕ್ಟರಿಗೆ ಹೇಳದೇ ಇದ್ದದ್ದು. ಹೋದಾಗ 25ರಿಂದ ಮತ್ತೆ ಶುರು, ಮತ್ತೆ ನಾಲ್ಕು ವಾರ ಕಾಯುವುದು. ಮಗು ಮಗುಚಿಕೊಂಡದ್ದು ಯಾವ ದಿನ ಅಂತ ಇವತ್ತಿಗೂ ನನಗೆ ನೆನಪಿಲ್ಲ.

ಈಗ ಹಾಲಿನ ಲೆಕ್ಕ. ತಾಯಿಯ ಡೋಸನ್ನು ತೂಕಕ್ಕೆ ಹೊಂದಿಸಿ ನೋಡಿದರೆ, ಹಾಲಿನ ಮೂಲಕ ಮಗುವಿಗೆ ಸೇರುವ ಸರ್ಟ್ರಾಲಿನ್ ಸಾಮಾನ್ಯವಾಗಿ ಶೇ 3ರ ಒಳಗೇ. ಶೇ 10ರ ಒಳಗಿದ್ದರೆ ಹಾಲೂಡಿಸಬಹುದು ಅನ್ನುವುದು ವೈದ್ಯರು ಬಳಸುವ ಅಳತೆ. ಎದೆಹಾಲು ಕುಡಿಸುವವರಿಗೆ ಮೊದಲು ಇದನ್ನೇ ಆರಿಸುವುದು ಅದಕ್ಕೇ. ಮಾತ್ರೆ ತಗೊಂಡು ಇಷ್ಟು ಗಂಟೆ ಹಾಲು ಕೊಡಬಾರದು ಅನ್ನುವ ನಿಯಮ ಇಲ್ಲ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ತೂಕ ಕಮ್ಮಿ ಇದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಮಗು ಹಾಲಿಗೂ ಏಳದಷ್ಟು ಮಂಪರಿನಲ್ಲಿದ್ದರೆ, ತೂಕ ಏರದಿದ್ದರೆ ತೋರಿಸಿ.

ಹಾಗಾಗಿ ಹಾಲೋ ಮಾತ್ರೆಯೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ರಾತ್ರಿ ಎರಡು ಗಂಟೆಗೆ ಮಗು ಎತ್ತಿಕೊಳ್ಳುವವರು ಯಾರು ಅಂತ ಕೇಳಿ. ಈ ಕಾಯಿಲೆಯಲ್ಲಿ ಒಡೆಯದ ನಿದ್ದೆ ಅರ್ಧ ಔಷಧಿ. ನಾಲ್ಕೈದು ಗಂಟೆ ಒಂದೇ ಸಮ ಮಲಗಲೇಬೇಕು. ಮಲಗುವ ಮುಂಚೆ ಹಾಲು ಹಿಂಡಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಡಿ, ನಾಲ್ಕು ದಿನದವರೆಗೂ ಇರುತ್ತದೆ. ಹೊರಗಾದರೆ ತಂಪು ಕೋಣೆಯಲ್ಲಿ ನಾಲ್ಕು ಗಂಟೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದನ್ನೂ ನಂಬಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಕಾಯಿಸಬಾರದು. ಕುದಿಸಿ ತೊಳೆದ ಒಳಲೆಯಲ್ಲಿ ನಿಮ್ಮ ಯಜಮಾನರೋ ಅತ್ತೆಯೋ ಕುಡಿಸಲಿ. ವಿಷ ಅಂತ ಎಚ್ಚರಿಸುವವರಿಗೆ ಈ ಕೆಲಸ ವಹಿಸಿದರೆ ಇನ್ನೂ ಒಳ್ಳೆಯದು.

ಹೆರಿಗೆಯಾದ ಎರಡು ಮೂರನೇ ದಿನ ಅಳು ಬರುವುದು ಬಹಳ ಜನಕ್ಕೆ ಇರುತ್ತದೆ, ಎರಡು ವಾರದಲ್ಲಿ ತಾನೇ ಹೋಗುತ್ತದೆ. ನಿಮ್ಮದು ಎರಡು ತಿಂಗಳು. "ಎಲ್ರಿಗೂ ಆಗುತ್ತೆ" ಅನ್ನುವ ಮಾತಿಗೆ ಇಲ್ಲಿ ಬೆಲೆ ಕೊಡಬೇಡಿ. ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ, ಬಾಣಂತಿಯರ ಖಿನ್ನತೆ ಗುರುತಿಸೋಕೆ 1987ರಲ್ಲಿ ಬಂದದ್ದು, ಕನ್ನಡದಲ್ಲೂ ಸಿಗುತ್ತದೆ. ಕಳೆದ ಏಳು ದಿನದ ಬಗ್ಗೆ ಹತ್ತು ಪ್ರಶ್ನೆ, ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರು ನೋಡಲೇಬೇಕು. ಹತ್ತನೇ ಪ್ರಶ್ನೆ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದದ್ದುಂಟಾ ಅಂತ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನೇ ಬರಲಿ, ಒಟ್ಟು ಎಷ್ಟೇ ಇರಲಿ, ಅವತ್ತೇ ಹೇಳಬೇಕು. ಜೊತೆಗೆ ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್ ರಕ್ತಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ, ರಕ್ತ ಕಮ್ಮಿಯಾದರೂ ಹೀಗೇ ಸುಸ್ತು, ಬೇಸರ.

ಹಳ್ಳಿಯಲ್ಲಿ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅದೇ ಬೇರೆ. ಸಾವಿರಕ್ಕೆ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ಯಾರೋ ಮಾತಾಡಿದ ಹಾಗೆ ಕೇಳುತ್ತದೆ, ಮಗು ನನ್ನದಲ್ಲ ಅನ್ನುವ ಅನುಮಾನ. ತಾಯತ ಕಟ್ಟಿಸಿ ನೋಡೋಣ ಅಂತ ಒಂದು ದಿನವೂ ಕಾಯುವಂತಿಲ್ಲ, ಮಗುವಿನ ಜೊತೆ ಒಬ್ಬಳೇ ಬಿಡುವಂತಿಲ್ಲ, ನೇರ ಆಸ್ಪತ್ರೆಗೆ. ದಾಖಲಾದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡೇ ಇದೆ.

ಮಧುಗಿರಿ ಕಡೆಯವರು ಅಂತ ಬರೆದಿದ್ದೀರಿ. ಪ್ರತಿ ಸಲ ತುಮಕೂರಿಗೆ ಬಸ್ ಹತ್ತಬೇಕಿಲ್ಲ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ಯಾವ ಮಂಗಳವಾರ ಅಂತ ನಿಮ್ಮ ಆಶಾ ಅಕ್ಕನನ್ನು ಕೇಳಿ. ಅವರು ಹೆರಿಗೆಯಾದ 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವಿನ ತೂಕ ನೋಡಿ ಹೋಗಿರುತ್ತಾರೆ. ನಿಮ್ಮ ನಿದ್ದೆ ವಿಷಯ ನೀವೇ ಬಾಯಿಬಿಟ್ಟು ಹೇಳದಿದ್ದರೆ ಗೊತ್ತಾಗುವುದು ಕಷ್ಟ. ಹತ್ತನೇ ವಾರದ ಲಸಿಕೆಗೆ ಹೋದಾಗ ತಾಯಿ ಕಾರ್ಡಿನ ಜೊತೆ ಮಾತ್ರೆ ಚೀಟಿಯನ್ನೂ, ಒಂದು ವಾರ ಎಷ್ಟೆಷ್ಟು ಗಂಟೆ ಮಲಗಿದಿರಿ ಅಂತ ಬರೆದ ಹಾಳೆಯನ್ನೂ ಒಯ್ಯಿರಿ. ಅಲ್ಲಿಯವರೆಗೆ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ನಡುರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಒಂದು ದಿನ ಮರೆತಿದ್ದರೆ ಮಾರನೇ ದಿನ ಎರಡು ನುಂಗಬೇಡಿ, ಎಂದಿನ ಒಂದೇ ಸಾಕು. ಈಗಾಗಲೇ ವಾರದಿಂದ ಬಿಟ್ಟಿದ್ದರೆ ನೀವಾಗಿ ಶುರು ಮಾಡದೆ, ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಬೈದರೂ ಬೈಸಿಕೊಳ್ಳಿ.