ಕೀಮೋ ನಡೆಯುವಾಗ ಕ್ವೆರ್ಸೆಟಿನ್ ಮಾತ್ರೆ ಕೊಡಬಹುದಾ?

ಅತ್ತೆಯವರಿಗೆ ಕೀಮೋ ನಡೆಯುತ್ತಿದೆ, ಜೊತೆಗೆ ಕ್ವೆರ್ಸೆಟಿನ್ (ಈರುಳ್ಳಿಯಲ್ಲೂ ಇರುವ, ಗಿಡಗಳ ಒಂದು ರಾಸಾಯನಿಕ) ಮಾತ್ರೆ ಕೊಟ್ಟರೆ ಡಿಎನ್‌ಎಗೆ ಏನಾಗುತ್ತೆ ಅಂತ ಕೇಳಿದ್ದೀರಿ. ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಸಾರು ಪಲ್ಯದ ಈರುಳ್ಳಿಗೆ ಮಾತ್ರ ಭಯ ಬೇಡ.

ಜೀವಕೋಶ ಎರಡಾಗುವ ಹೊತ್ತಿಗೆ ಡಿಎನ್‌ಎ ಎಳೆಗಳು ನೂಲಿನುಂಡೆಯ ಹಾಗೆ ಸಿಕ್ಕಾಗುತ್ತವೆ. ಟೊಪೊಐಸೊಮರೇಸ್-2 ಅನ್ನೋ ಕಿಣ್ವ ಎಳೆಯನ್ನು ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಅಂಟಿಸುತ್ತದೆ. ಈರುಳ್ಳಿಯ ಕ್ವೆರ್ಸೆಟಿನ್, ಸೋಯಾದ ಜೆನಿಸ್ಟೀನ್ ಆ ಅಂಟಿಸುವ ಕೆಲಸಕ್ಕೇ ಅಡ್ಡ ಬರುತ್ತವೆ. ಕತ್ತರಿಸಿದ್ದು ಹಾಗೇ ಉಳಿದರೆ ಕೋಶ ಸಾಯಬಹುದು. ಎಟೊಪೊಸೈಡ್ ಅನ್ನೋ ಕೀಮೋ ಔಷಧ ಮಾಡುವುದೂ ಇದನ್ನೇ. ಸುಮ್ನೆ "ಗಿಡದ್ದು, ಏನೂ ಆಗಲ್ಲ" ಅನ್ನೋ ಹಾಗಿಲ್ಲ, ಅಲ್ವಾ?

ಆದರೆ ಕ್ವೆರ್ಸೆಟಿನ್‌ನ ಈ ಕೆಲಸ ಹೆಚ್ಚಾಗಿ ಲ್ಯಾಬಿನ ತಟ್ಟೆಯಲ್ಲಿ ಕಂಡದ್ದು. ನುಂಗಿದಾಗ ಕರುಳು, ಲಿವರ್ ಸೇರಿ ಅದರ ರೂಪವನ್ನೇ ಬದಲಿಸುತ್ತವೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕ್ಯಾನ್ಸರ್ ಗುಣವಾಗುತ್ತೆ ಅಂತ ಮಾರುವವರ ಮಾತು ನಂಬಬೇಡಿ.

ನನಗೆ ಜಾಸ್ತಿ ಚಿಂತೆ ಔಷಧದ ಜೊತೆಗಿನ ಜಗಳದ್ದು. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಕೂಡ ಕ್ವೆರ್ಸೆಟಿನ್ ಹಾಗೆ ಫ್ಲೇವನಾಯ್ಡ್ ಅನ್ನೋ ಗುಂಪಿನ ಗಿಡದ ರಾಸಾಯನಿಕ. ಅದು ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್‌ಗೆ ಕೊಡುವ ಬೋರ್ಟೆಜೊಮಿಬ್‌ಗೆ ನೇರವಾಗಿ ಅಂಟಿಕೊಂಡು ಔಷಧದ ಕೆಲಸವನ್ನೇ ತಡೆಯಿತು. 2009ರಲ್ಲಿ ಜೀವಕೋಶಗಳಲ್ಲೂ ಇಲಿಗಳಲ್ಲೂ ಕಂಡ ಸಂಗತಿ ಇದು. ಒಳ್ಳೇದಾಗಲಿ ಅಂತ ಕುಡಿದದ್ದೇ ಮದ್ದಿಗೆ ಅಡ್ಡಗಾಲು!

ಮಾತ್ರೆಗಳು ಸಾಮಾನ್ಯವಾಗಿ 500 ಮಿಲಿಗ್ರಾಂ ಇರುತ್ತವೆ. 100 ಗ್ರಾಂ ಈರುಳ್ಳಿಯಲ್ಲಿ ಅದರ ಹತ್ತನೇ ಒಂದು ಪಾಲು ಕ್ವೆರ್ಸೆಟಿನ್ ಇರುವುದೂ ಅಪರೂಪ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಲೇಬಲ್ ತೋರಿಸಿ ಕೇಳಿ.