ರಾಮ-ಲಕ್ಷ್ಮಣರಂತೆ ಅಂದರೆ ಯಾರು ಏನು ಮಾಡಿದ ಹಾಗಾಯಿತು?

ಆತ್ಮೀಯರೆ, ಶರಣು.

ಗಂಗಾವತಿಯಿಂದ ನೀವು ಕಳಿಸಿದ ‘ಅಣ್ಣತಮ್ಮಂದಿರ ಸಿನಿಮಾ’ ಲೇಖನ ಬಳ್ಳಾರಿಯ ನಮ್ಮ ಕಚೇರಿಗೆ ತಲುಪಿದೆ, ಓದಿದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ಜೋಡಿಯಾಗಿ ಚಿತ್ರ ಮಾಡಿದ ಸಹೋದರರ ಬಗ್ಗೆ ಒಳ್ಳೆಯ ವಿಷಯ ಆರಿಸಿಕೊಂಡಿದ್ದೀರಿ. ಭಾಷೆ ಸರಾಗವಾಗಿದೆ, ಕಾಗುಣಿತ ಶುದ್ಧವಾಗಿದೆ. ಇನ್ನು ಸಿಟ್ಟಿನ ಮಾತು.

‘ರಾಮ-ಲಕ್ಷ್ಮಣರಂತೆ’ ಅಂತ ಪುಟಕ್ಕೊಂದು ಸಲವಾದರೂ ಬರೆದಿದ್ದೀರಿ. ಅಮೆರಿಕದ ಕೋಯೆನ್ ಸಹೋದರರು ರಾಮ-ಲಕ್ಷ್ಮಣರಂತೆ, ಬೆಲ್ಜಿಯಂನ ದಾರ್ದೆನ್ ಸಹೋದರರೂ ಹಾಗೇ, ಇಟಲಿಯ ತವಿಯಾನಿ ಸಹೋದರರೂ ಹಾಗೇ. ವಾಲಿಯ ಕಿಷ್ಕಿಂಧೆ ಎಂದು ಜನ ನಂಬುವ ಆನೆಗೊಂದಿಯ ಪಕ್ಕದಲ್ಲೇ ಇರುವವರು ನೀವು. ವಾಲಿಗೆ ಬಾಣ ಬಿಟ್ಟವನು ರಾಮ, ಶೂರ್ಪನಖಿಯ ಮೂಗು ಕೊಯ್ದವನು ಲಕ್ಷ್ಮಣ. ‘ಇಬ್ಬರೂ ಸೇರಿ ಮಾಡಿದರು’ ಅಂತ ಹೇಳಿ ವಾಲ್ಮೀಕಿ ಕೈತೊಳೆದುಕೊಳ್ಳಲಿಲ್ಲ.

ಎರಡನೇ ಪುಟದಲ್ಲಿ ಕೋಯೆನ್‌ರ ಬಗೆಗಿನ ಸಾಲು ನೋಡಿ: ‘ಅಣ್ಣ ಜೋಯಲ್ ನಿರ್ದೇಶಕ, ತಮ್ಮ ಈಥನ್ ನಿರ್ಮಾಪಕ. ಇವರ ಬೆನ್ನಿಗೆ ನಿಂತ ಹಿರಿಯ ಸಂಕಲನಕಾರ ರೋಡರಿಕ್ ಜೇನ್ಸ್.’ ಆ ರೋಡರಿಕ್ ಜೇನ್ಸ್ ಅನ್ನುವ ಮನುಷ್ಯ ಇಲ್ಲವೇ ಇಲ್ಲ ಮಾರಾಯರೆ. ಅಣ್ಣತಮ್ಮಂದಿರು ತಾವೇ ಎಡಿಟಿಂಗ್ ಮಾಡಿ ಇಟ್ಟುಕೊಂಡ ಸುಳ್ಳು ಹೆಸರು ಅದು. ಈ ಇಲ್ಲದ ಮನುಷ್ಯ ‘ಫಾರ್ಗೋ’ (1996), ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ (2007) ಎರಡಕ್ಕೂ ಆಸ್ಕರ್ ಸಂಕಲನ ವಿಭಾಗದಲ್ಲಿ ನಾಮನಿರ್ದೇಶನ ಪಡೆದಿದ್ದಾನೆ. ನೀವು ಅವನ ‘ಅನುಭವಿ ಕೈಚಳಕ’ದ ಮೇಲೆ ಒಂದು ಪ್ಯಾರಾ ಖರ್ಚು ಮಾಡಿದ್ದೀರಿ.

ಅದೇ ಸಾಲಿನ ಮೊದಲರ್ಧಕ್ಕೂ ಕಾರಣ ಬೇಕು. 1984ರ ‘ಬ್ಲಡ್ ಸಿಂಪಲ್’ನಿಂದ ಹಿಡಿದು ಇಪ್ಪತ್ತು ವರ್ಷ ನಿರ್ದೇಶನಕ್ಕೆ ಜೋಯಲ್ ಒಬ್ಬರದೇ ಹೆಸರು. ಇಬ್ಬರ ಹೆಸರೂ ಒಟ್ಟಿಗೆ ಬಂದದ್ದು 2004ರ ‘ದಿ ಲೇಡಿಕಿಲ್ಲರ್ಸ್’ನಲ್ಲಿ. ಹಾಗಂತ 2004ರಲ್ಲಿ ಈಥನ್ ಹೊಸದಾಗಿ ನಿರ್ದೇಶನ ಕಲಿತರೇ? ಅಮೆರಿಕದ ನಿರ್ದೇಶಕರ ಸಂಘದಲ್ಲಿ ಒಂದು ಚಿತ್ರಕ್ಕೆ ಒಬ್ಬರೇ ನಿರ್ದೇಶಕ ಅನ್ನುವ ನಿಯಮವಿದೆ. ಖಾಯಂ ಜೋಡಿ ಅಂತ ಸಂಘ ಒಪ್ಪಿದರೆ ಮಾತ್ರ ವಿನಾಯಿತಿ. ಟೈಟಲ್ ಕಾರ್ಡಿನಲ್ಲಿ ಬಂದದ್ದು ಕೆಲಸದ ಪಟ್ಟಿಯೂ ಹೌದು, ಸಂಘದ ಲೆಕ್ಕವೂ ಹೌದು. ಎರಡನ್ನೂ ಬಿಡಿಸಿ ನೋಡದೆ ಬರೆದರೆ ಹೀಗಾಗುತ್ತದೆ.

ಮೂರನೇ ಪುಟ: ‘ದಾರ್ದೆನ್ ಸಹೋದರರು ಸೆಟ್ಟಿನಲ್ಲಿ ಒಂದೇ ಜೀವವಾಗಿ ದುಡಿಯುತ್ತಾರೆ.’ ಆಗುವುದು ಇದರ ಉಲ್ಟಾ. ಒಬ್ಬರು ನಟರ ಜೊತೆ ಕ್ಯಾಮೆರಾ ಹತ್ತಿರ ಇದ್ದರೆ ಇನ್ನೊಬ್ಬರು ಮಾನಿಟರ್ ಮುಂದೆ ಇರುತ್ತಾರೆ. ಆಮೇಲೆ ಜಾಗ ಅದಲುಬದಲು. ನಟನ ಉಸಿರು ಕೇಳುವಷ್ಟು ಹತ್ತಿರ ನಿಂತವರಿಗೆ ಚೌಕಟ್ಟು ಕಾಣುವುದಿಲ್ಲ, ಚೌಕಟ್ಟು ನೋಡುವವರಿಗೆ ಆ ಉಸಿರು ತಾಗುವುದಿಲ್ಲ. ಇಬ್ಬರು ಬೇಕಾಗುವುದೇ ಅದಕ್ಕೆ. ಶೂಟಿಂಗಿಗೆ ಮೊದಲು ಹಲವು ವಾರ, ತಂಡವನ್ನು ದೂರವಿಟ್ಟು, ನಟರ ಜೊತೆ ಸಣ್ಣ ವಿಡಿಯೋ ಕ್ಯಾಮೆರಾದಲ್ಲಿ ತಾಲೀಮು ಮಾಡುತ್ತಾರೆ. ಆಮೇಲೆ ಕಥೆಯ ಅನುಕ್ರಮದಲ್ಲೇ ಚಿತ್ರೀಕರಣ.

ಅನುಕ್ರಮದಲ್ಲಿ ಚಿತ್ರೀಕರಿಸುವುದು ದುಬಾರಿ, ಅದನ್ನು ನೀವು ಹೇಳಲೇ ಇಲ್ಲ. ಒಂದೇ ಮನೆಯ ಮೂರು ದೃಶ್ಯ ಕಥೆಯ ಮೊದಲು, ನಡು, ಕೊನೆಯಲ್ಲಿ ಬಂದರೆ ಸಾಮಾನ್ಯವಾಗಿ ಮೂರನ್ನೂ ಒಂದೇ ದಿನ ಮುಗಿಸಿ ಮನೆ ಖಾಲಿ ಮಾಡುತ್ತಾರೆ. ಇವರು ಆ ಮನೆಯನ್ನು ಕೊನೆತನಕ ಹಿಡಿದಿಟ್ಟುಕೊಳ್ಳಬೇಕು, ನಟರನ್ನೂ ಕಾಯಿಸಬೇಕು. ಇದು ದಕ್ಕುವುದು ಜಾಗಗಳೆಲ್ಲ ಒಂದೇ ಊರಿನ ಸುತ್ತ ಇದ್ದಾಗ (ಅವರ ಬಹುಪಾಲು ಚಿತ್ರಗಳು ಬೆಲ್ಜಿಯಂನ ಸೆರೇಂಗ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನ ಆಸುಪಾಸಿನವು), ತಂಡ ಸಣ್ಣದಿದ್ದಾಗ, ನಿರ್ಮಾಣ ತಮ್ಮದೇ ಕೈಯಲ್ಲಿದ್ದಾಗ. 1992ರ ದೊಡ್ಡ ತಂಡದ ಚಿತ್ರ ತಮಗೇ ಒಗ್ಗದೆ ಹೋದ ಮೇಲೆ 1994ರಲ್ಲಿ ಸ್ವಂತ ಕಂಪನಿ ಕಟ್ಟಿಕೊಂಡು, ‘ಲಾ ಪ್ರೊಮೆಸ್’ (1996) ಮಾಡಿದರು. 1999 ಮತ್ತು 2005ರ ಕಾನ್ ಪ್ರಶಸ್ತಿಗಳನ್ನಷ್ಟೇ ನೀವು ಎಣಿಸಿದ್ದೀರಿ. ಅವಕ್ಕೆ ದಾರಿಯಾದ ಈ ಬಾಡಿಗೆ, ಬಟವಾಡೆಯ ಲೆಕ್ಕ ಎಲ್ಲಿ?

ತವಿಯಾನಿಗಳ ರೀತಿ ಇನ್ನೊಂದಿತ್ತು: ಒಂದು ದೃಶ್ಯ ಪಾವ್ಲೊ, ಮುಂದಿನದು ವಿತ್ತೋರಿಯೊ. ಒಬ್ಬರು ಮಾಡಿಸುವಾಗ ಇನ್ನೊಬ್ಬರು ಬಾಯಿ ಹಾಕುತ್ತಿರಲಿಲ್ಲ. ಮೂರು ಜೋಡಿ, ಮೂರು ಪದ್ಧತಿ. ಮೂರಕ್ಕೂ ನಿಮ್ಮಲ್ಲಿ ಒಂದೇ ವಾಕ್ಯ.

ಅಮೆರಿಕದಲ್ಲಿ ಸಾಕ್ಷ್ಯಚಿತ್ರ ಮಾಡಿದ ಮೇಸಲ್ಸ್ ಸಹೋದರರ ಪ್ಯಾರಾ ಇನ್ನೂ ಕಷ್ಟ. ಆಲ್ಬರ್ಟ್ ಕ್ಯಾಮೆರಾ, ಡೇವಿಡ್ ಧ್ವನಿ ಅಂತ ಸರಿಯಾಗಿಯೇ ಬರೆದಿದ್ದೀರಿ. ಆದರೆ ‘ಸೇಲ್ಸ್‌ಮನ್’ (1969) ಮತ್ತು ‘ಗಿಮ್ಮಿ ಶೆಲ್ಟರ್’ (1970) ಎರಡರಲ್ಲೂ ನಿರ್ದೇಶಕರ ಜಾಗದಲ್ಲಿ ಮೂರನೇ ಹೆಸರಿದೆ, ಶಾರ್ಲೆಟ್ ಜ್ವೆರಿನ್. ಸ್ಕ್ರಿಪ್ಟ್ ಇಲ್ಲದೆ ಗಂಟೆಗಟ್ಟಲೆ ಸುತ್ತಿದ ರೀಲಿನಲ್ಲಿ ಕಥೆ ಹುಟ್ಟುವುದು ಎಡಿಟಿಂಗ್ ಮೇಜಿನ ಮೇಲೆ, ಆ ಮೇಜಿನಲ್ಲಿ ಕೂತವರು ಆಕೆ. ಅಣ್ಣತಮ್ಮಂದಿರ ಕಥೆ ಅಂದದ್ದೇ ತಡ, ಮೂರನೆಯವರು ಅಳಿಸಿಹೋದರು. ಜೋಶ್ ಮತ್ತು ಬೆನ್ನಿ ಸಾಫ್ಡಿ ಸಹೋದರರ ವಿಷಯದಲ್ಲೂ ಅದೇ: ‘ಗುಡ್ ಟೈಮ್’ (2017) ಬರೆದವರು ಜೋಶ್ ಮತ್ತು ರೊನಾಲ್ಡ್ ಬ್ರಾನ್‌ಸ್ಟೀನ್, ಸಂಕಲನ ಬೆನ್ನಿ ಮತ್ತು ಅದೇ ಬ್ರಾನ್‌ಸ್ಟೀನ್. ಇಬ್ಬರ ನಡುವೆ ಓಡಾಡುವ ಆ ಮನುಷ್ಯನ ಹೆಸರು ನಿಮ್ಮಲ್ಲಿ ಒಂದು ಕಡೆಯೂ ಇಲ್ಲ.

ನಾನು ಕೆಲಸ ಕಲಿತದ್ದು ರಾಯಚೂರಿನ ಸಣ್ಣ ಪತ್ರಿಕೆಯೊಂದರಲ್ಲಿ. ಜಾತ್ರೆ ನಾಟಕದ ವರದಿ ಕೊಟ್ಟರೆ ಅಲ್ಲಿನ ಹಿರಿಯರು ಮೊದಲು ಹುಡುಕುತ್ತಿದ್ದದ್ದು ಹೆಸರುಗಳನ್ನು. ನಾಟಕ ಬರೆದವರು ಯಾರು, ಕಲಿಸಿದ ಪೇಟಿ ಮಾಸ್ತರ ಯಾರು, ಡ್ರಾಮಾ ಸೀನ್ಸ್ ಯಾವ ಊರಿಂದ ಬಂತು, ಹೊರಗಿಂದ ಕರೆಸಿದ ಕಲಾವಿದೆಗೆ ಹಣ ಕೊಟ್ಟವರು ಯಾರು. ‘ಊರ ಯುವಕರು ಸೇರಿ ಅಭಿನಯಿಸಿದರು’ ಅಂತ ಬರೆದದ್ದು ಅಚ್ಚಿನ ಮೊಳೆ ಜೋಡಿಸುವವರ ತನಕ ಹೋಗುತ್ತಲೇ ಇರಲಿಲ್ಲ.

ಹಣದ ಮಾತು. ‘ಕಷ್ಟಪಟ್ಟು ಹಣ ಹೊಂದಿಸಿದರು’ ಅಂತ ಕೋಯೆನ್‌ರ ಬಗ್ಗೆ ಬರೆದು ಮುಂದೆ ಹೋಗಿದ್ದೀರಿ. ಹೊಂದಿಸಿದ್ದು ಹೇಗೆ ಅನ್ನುವುದೇ ಓದುಗರಿಗೆ ಬೇಕಾದದ್ದು. ‘ಬ್ಲಡ್ ಸಿಂಪಲ್’ ಅನ್ನುವ ಚಿತ್ರವೇ ಇಲ್ಲದಾಗ, ಚಿತ್ರ ಮುಗಿದೇಹೋಗಿದೆ ಅನ್ನುವ ಹಾಗೆ ಒಂದು ಟ್ರೇಲರ್ ಮಾಡಿದರು. ಪ್ರೊಜೆಕ್ಟರ್ ಹೊತ್ತುಕೊಂಡು ಮಿನಿಯಾಪೊಲಿಸ್ ಊರಿನ ವ್ಯಾಪಾರಸ್ಥರಿಗೆ ತೋರಿಸಿ ಚೂರುಚೂರಾಗಿ ಪಾಲು ಮಾರಿದರು. ಈ ಉಪಾಯ ಗೆಳೆಯ ಸ್ಯಾಮ್ ರೈಮಿ ಅವರಿಂದ ಬಂದದ್ದು. ರೈಮಿಯ ‘ದಿ ಈವಿಲ್ ಡೆಡ್’ ಚಿತ್ರಕ್ಕೆ ಜೋಯಲ್ ಸಹಾಯಕ ಸಂಕಲನಕಾರರಾಗಿದ್ದರು. ಡುಪ್ಲಾಸ್ ಸಹೋದರರ ‘ದಿ ಪಫಿ ಚೇರ್’ (2005) ಸುಮಾರು 15,000 ಡಾಲರಿನದು, ಅದನ್ನು ಕೊಟ್ಟವರು ಅಪ್ಪ-ಅಮ್ಮ. ಹೂಡಿಕೆದಾರನಿಗೆ ಲೆಕ್ಕ ಒಪ್ಪಿಸಬೇಕು, ಅಪ್ಪನಿಗೆ ಮುಖ ತೋರಿಸಬೇಕು. ಎರಡರ ಭಾರ ಬೇರೆ ಬೇರೆ.

ಕೊನೆಯ ಪುಟದಲ್ಲಿ ಕೋಯೆನ್‌ರು ‘ಮನಸ್ತಾಪದಿಂದ ಬೇರೆಯಾದರು’ ಅಂದಿದ್ದೀರಿ. ಆಧಾರ ಏನು? ಜೋಯಲ್ 2021ರಲ್ಲಿ ಒಬ್ಬರೇ ‘ಮ್ಯಾಕ್‌ಬೆತ್’ ಮಾಡಿದರು, ಈಥನ್ 2024ರ ಚಿತ್ರವನ್ನು ಹೆಂಡತಿ ಟ್ರಿಶಿಯಾ ಕುಕ್ ಜೊತೆ ಬರೆದರು. ಕಣ್ಣಿಗೆ ಕಾಣುವುದು ಇಷ್ಟು. ನಮ್ಮ ಕಡೆ ಹೊಲ ಪಾಲಾದರೆ ಜಗಳವಾಗಿದೆ ಅಂತಲೇ ಜನ ತಿಳಿಯುತ್ತಾರೆ, ಆ ಅಭ್ಯಾಸ ಲೇಖನದೊಳಗೆ ನುಸುಳಿದೆ. ಹೊಡೆದುಹಾಕಿದ್ದೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆರನೇ ಪುಟ. ಎಡದಂಡೆ ಕಾಲುವೆ ಪಕ್ಕದ ಭತ್ತದ ಗದ್ದೆಯಲ್ಲಿ ನಿಮ್ಮೂರಿನ ಇಬ್ಬರು ಅಣ್ಣತಮ್ಮ ಕಿರುಚಿತ್ರ ಮಾಡುತ್ತಿದ್ದಾರೆ. ‘ತಮ್ಮ ಮೈಕಿಗೆ ಕಂಬಳಿ ಸುತ್ತಿದ, ಆದರೂ ಶಬ್ದ ಸರಿ ಬರಲಿಲ್ಲ’ ಅಂತ ಬರೆದು ಅಲ್ಲಿಂದ ಎದ್ದುಬಿಟ್ಟಿದ್ದೀರಿ! ಯಾಕೆ ಬರಲಿಲ್ಲ? ಗಾಳಿ ಮೈಕಿನ ಬಾಯಿಗೆ ನೇರ ಬಡಿದರೆ ಗುಡುಗುಡು ಅನ್ನುತ್ತದೆ. ಅದನ್ನು ತಡೆಯಲು ಮೈಕಿನ ಸುತ್ತ ಅಲುಗಾಡದ ಗಾಳಿಯ ಜಾಗ ಬೇಕು, ಅದಕ್ಕೇ ಪಂಜರದಂಥ ಕವಚ, ಅದರ ಮೇಲೆ ತುಪ್ಪಳದ ಹೊದಿಕೆ. ಕಂಬಳಿಯನ್ನು ಮೈಕಿಗೇ ಬಿಗಿದರೆ ಗುಡುಗುಡು ಪೂರ್ತಿ ಹೋಗುವುದಿಲ್ಲ, ಮೇಲಾಗಿ ಸ, ಶ, ಚ ಮಂಕಾಗಿ ಮಾತೇ ಮುಸುಕು ಹಾಕಿಕೊಳ್ಳುತ್ತದೆ. ಪಂಪ್‌ಸೆಟ್ಟಿನ ಗುಂಯ್ ಸದ್ದಿಗೆ ಎಂಥ ಹೊದಿಕೆಯೂ ನಡೆಯುವುದಿಲ್ಲ. ಪಂಪು ಆರಿಸಬೇಕು, ಇಲ್ಲವೇ ಮೈಕನ್ನು ನಟನ ಬಾಯಿಯ ಹತ್ತಿರ ಒಯ್ಯಬೇಕು. ಒಯ್ದರೆ ಚೌಕಟ್ಟಿನೊಳಗೆ ಬೂಮ್ (ಮೈಕು ಕಟ್ಟಿದ ಕೋಲು) ಇಣುಕುತ್ತದೆ. ಆಗ ಅಣ್ಣ ಶಾಟ್ ಬಿಗಿ ಮಾಡಿದನೋ, ತಮ್ಮ ಹಿಂದೆ ಸರಿದನೋ? ಯಾರ ಮಾತು ನಡೆಯಿತು? ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿ.

ಹೀಗೆ ಮಾಡಿ. ಇಷ್ಟೊಂದು ಜೋಡಿ ಬೇಡ, ದಾರ್ದೆನ್ ಮತ್ತು ಮೇಸಲ್ಸ್ ಸಾಕು, ಜೊತೆಗೆ ಈ ಹುಡುಗರು. ಹಾಳೆಯ ಮೇಲೆ ಆರು ಕಾಲಂ ಹಾಕಿ: ಬರವಣಿಗೆ, ನಟರ ತಾಲೀಮು, ಕ್ಯಾಮೆರಾ, ಧ್ವನಿ, ಸಂಕಲನ, ಹಣ. ಒಂದೊಂದು ಚಿತ್ರದ ಮೊದಲ ಮತ್ತು ಕೊನೆಯ ಟೈಟಲ್‌ಗಳನ್ನು ನಿಲ್ಲಿಸಿ ನಿಲ್ಲಿಸಿ ಓದಿ ತುಂಬಿ. ಖಾಲಿ ಉಳಿದ ಜಾಗದ ಬಗ್ಗೆ ಬರೆಯಬೇಡಿ. ಹುಡುಗರ ಹೆಸರು ಹಾಕುವ ಮುನ್ನ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಒಟ್ಟಿಗೆ ಕೂಡಿಸಿ ಕೇಳಿದರೆ ತಮ್ಮ ಸುಮ್ಮನಿರುತ್ತಾನೆ. 1,500 ಪದ ಮೀರದಿರಲಿ. ಯುಗಾದಿ ಸಂಚಿಕೆಯಲ್ಲಿ ಮೂರು ಪುಟ ತೆಗೆದಿಟ್ಟಿದ್ದೇನೆ, ಶಿವರಾತ್ರಿಯೊಳಗೆ ಕಳಿಸಿ.