ಹಳೇ ಡೆಲ್ ಡೆಸ್ಕ್‌ಟಾಪ್‌ಗೆ ಮಾಮೂಲಿ ಎಸ್‌ಎಂಪಿಎಸ್ ಕೂರುತ್ತಿಲ್ಲ. ಏನು ಮಾಡಬೇಕು?

ನೀವು ಬರೆದಿರುವುದು ಇಷ್ಟು: ಚಿತ್ರದುರ್ಗದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಡೆಲ್ ಆಪ್ಟಿಪ್ಲೆಕ್ಸ್ 3020, ದೊಡ್ಡ ಟವರ್. ಕರೆಂಟ್ ಹೋಗಿ ಬಂದ ಮೇಲೆ ಆನ್ ಆಗುತ್ತಿಲ್ಲ. ರಿಪೇರಿಯವರು ತಂದ 450 ವ್ಯಾಟ್ ಎಸ್‌ಎಂಪಿಎಸ್‌ನ, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯ, ಪ್ಲಗ್ ಮದರ್‌ಬೋರ್ಡಿಗೆ ಕೂರಲಿಲ್ಲ. ಇನ್ನೊಬ್ಬರು ಹಳೇದನ್ನು ಬಿಟ್ಟು ಹೊಸ ಮಷಿನ್ ತಗೊಳ್ಳಿ ಅಂದರು. ಗಿರಾಕಿಗಳ ಮದುವೆ ಪತ್ರಿಕೆ ಫೈಲುಗಳು ಅದರೊಳಗೇ ಉಳಿದಿವೆ.

ಹೊಸದು ತಗೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ. ನಾನು ದಾವಣಗೆರೆಯಲ್ಲಿ ಕಾಲೇಜು ಲ್ಯಾಬಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಇದೇ ಪೀಳಿಗೆಯ ಆಪ್ಟಿಪ್ಲೆಕ್ಸ್‌ಗಳು ನಮ್ಮಲ್ಲಿ ಇನ್ನೂ ದಿನವಿಡೀ ಓಡುತ್ತಿವೆ. ಎಸ್‌ಎಸ್‌ಡಿ ಹಾಕಿದ್ದರೆ ನುಡಿ, ಪೇಜ್‌ಮೇಕರ್, ಸೇವಾಸಿಂಧು ಅರ್ಜಿ, ಪ್ರಿಂಟ್ ಇದಕ್ಕೆಲ್ಲ ಅದು ಧಾರಾಳವಾಗಿ ಸಾಕು.

ಮದುವೆ ಪತ್ರಿಕೆ ಫೈಲುಗಳ ಬಗ್ಗೆ ಗಾಬರಿಯಾಗಿದ್ದೀರಿ, ಅದನ್ನು ಮೊದಲು ಮುಗಿಸೋಣ. ಎಸ್‌ಎಂಪಿಎಸ್ ಹೋದರೆ ಸಾಮಾನ್ಯವಾಗಿ ಡಿಸ್ಕಿನ ಡೇಟಾ ಹೋಗುವುದಿಲ್ಲ. ಡಿಸ್ಕ್ ಬಿಚ್ಚಿ, ಸಾಟಾದಿಂದ (ಡಿಸ್ಕಿನ ಪ್ಲಗ್) ಯುಎಸ್‌ಬಿಗೆ ಬದಲಿಸುವ ಕೇಬಲ್ ಹಾಕಿ ಯಾವುದಾದರೂ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಫೈಲು ಇವತ್ತೇ ಕೈಗೆ ಸಿಗುತ್ತವೆ. ಡಿಸ್ಕ್ 3.5 ಇಂಚಿನ ದೊಡ್ಡದಾದರೆ ಬೇರೆ ಅಡಾಪ್ಟರಿನಿಂದ ಪವರ್ ಕೊಡುವಂಥ ಕೇಬಲ್ಲೇ ಬೇಕು, ಬರೀ ಯುಎಸ್‌ಬಿ ಪವರ್ ಸಾಲದು. ಲಗ್ನದ ಸೀಸನ್‌ನಲ್ಲಿ ಗಿರಾಕಿಗಳನ್ನು ಕಾಯಿಸಬೇಡಿ, ಈ ಕೆಲಸ ಮೊದಲು ಮಾಡಿ.

ಆಮೇಲೆ, ಹೋಗಿರುವುದು ನಿಜಕ್ಕೂ ಎಸ್‌ಎಂಪಿಎಸ್ಸೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ, ಬೇರೆ ಪವರ್ ಕೇಬಲ್‌ನಲ್ಲಿ ಹಾಕಿ ನೋಡಿ. ಡೆಲ್‌ನ ಅನೇಕ ಎಸ್‌ಎಂಪಿಎಸ್‌ಗಳಲ್ಲಿ ಹಿಂದೆ, ಪವರ್ ಕೇಬಲ್ ಚುಚ್ಚುವ ಜಾಗದ ಹತ್ತಿರ, ಒಂದು ಚಿಕ್ಕ ಬಟನ್ ಮತ್ತು ಲೈಟ್ ಇರುತ್ತದೆ. ಕೇಬಲ್ ಹಾಕಿ ಬಟನ್ ಒತ್ತಿದಾಗ ಹಸಿರು ಲೈಟ್ ಬಂದರೆ ಎಸ್‌ಎಂಪಿಎಸ್ ಬಹುಮಟ್ಟಿಗೆ ಸರಿಯಿದೆ, ತೊಂದರೆ ಬೋರ್ಡ್ ಕಡೆಗಿದೆ. ಲೈಟ್ ಬರದಿದ್ದರೆ ಕೇಬಲ್ ತೆಗೆದು, ಬೋರ್ಡಿಗೆ ಹೋಗುವ ಎರಡೂ ಪ್ಲಗ್ ಕಳಚಿ, ಮತ್ತೆ ಕೇಬಲ್ ಹಾಕಿ ಒತ್ತಿ ನೋಡಿ. ಆಗ ಬಂದರೆ ಬೋರ್ಡಿನಲ್ಲೋ ಡಿಸ್ಕಿನಲ್ಲೋ ಶಾರ್ಟ್ ಇದೆ ಅಂತ ಅನುಮಾನಪಡಬೇಕು. ಆಗಲೂ ಬರದಿದ್ದರೆ ಎಸ್‌ಎಂಪಿಎಸ್ ಸತ್ತಿದೆ. ಹಸಿರು ವೈರಿಗೂ ಕಪ್ಪು ವೈರಿಗೂ ಪಿನ್ ಚುಚ್ಚಿ ಸ್ಟಾರ್ಟ್ ಮಾಡುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ, ಅದು 24 ಪಿನ್ನಿನ ಮಾಮೂಲಿ ಎಸ್‌ಎಂಪಿಎಸ್‌ಗೆ ಮಾತ್ರ. ನಿಮ್ಮದರಲ್ಲಿ ಮಾಡಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ನಮ್ಮ 230 ವೋಲ್ಟ್ ಕರೆಂಟ್ ಒಳಗೆ ಡಿಸಿ ಆದಾಗ 325 ವೋಲ್ಟ್‌ವರೆಗೆ ಏರುತ್ತದೆ, ಕೇಬಲ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರಬಹುದು.

ಈಗ ಮುಖ್ಯ ವಿಷಯ. ಅಂಗಡಿಗೆ ಹೋದರೆ ಎಲ್ಲರೂ ಮೊದಲು ಕೇಳುವುದು "ಎಷ್ಟು ವ್ಯಾಟ್?" ಅಂತ. ನಿಮ್ಮ ಮಷಿನ್ನಿಗೆ ಅದು ಕೊನೆಯ ಪ್ರಶ್ನೆ. ಮೊದಲು ಪ್ಲಗ್, ಆಮೇಲೆ ಡಬ್ಬಿಯ ಅಳತೆ, ಆಮೇಲೆ ವ್ಯಾಟ್. ಅಸೆಂಬಲ್ ಮಾಡಿದ ಕಂಪ್ಯೂಟರ್‌ಗಳಲ್ಲಿ ಬೋರ್ಡಿಗೆ 24 ಪಿನ್ನಿನ ಪ್ಲಗ್ ಹೋಗುತ್ತದೆ, ಅದರಲ್ಲಿ 3.3, 5, 12 ವೋಲ್ಟ್ ಎಲ್ಲ ಬೇರೆ ಬೇರೆ ಬರುತ್ತವೆ. 3020, 7020, 9020 ಸಾಲಿನಲ್ಲಿ ಡೆಲ್ ಅದನ್ನು ಬಿಟ್ಟು ಬೋರ್ಡಿಗೆ 8 ಪಿನ್, ಪ್ರೊಸೆಸರ್‌ಗೆ 4 ಪಿನ್ ಕೊಟ್ಟಿದೆ. ಎಸ್‌ಎಂಪಿಎಸ್ 12 ವೋಲ್ಟ್ ಕೊಡುತ್ತದೆ, ಉಳಿದ ವೋಲ್ಟೇಜ್‌ಗಳನ್ನು ಬೋರ್ಡ್ ತಾನೇ ಮಾಡಿಕೊಳ್ಳುತ್ತದೆ. ಡಿಸ್ಕಿನ ಪವರ್ ಕೂಡ ಬೋರ್ಡಿನಿಂದಲೇ ಹೋಗುತ್ತದೆ. ಹಾಗಾಗಿ ಅವರು ತಂದದ್ದು ಕೂರದೇ ಇದ್ದದ್ದು ಒಳ್ಳೆಯದೇ ಆಯಿತು. ಇನ್ನು ಮುಂದೆಯೂ ಯಾರಾದರೂ ಪ್ಲಗ್ ಕೊಯ್ದು ಕೂರಿಸುತ್ತೇನೆ ಅಂದರೆ ಒಪ್ಪಬೇಡಿ. ತಪ್ಪು ವೋಲ್ಟೇಜ್ ಹೋದರೆ ಬೋರ್ಡೂ ಸುಡುತ್ತದೆ.

ನನ್ನ ಮೊದಲ ಸಲಹೆ, ಇದೇ ಸಾಲಿನ ಬೇರೆ ಮಷಿನ್ನಿನಿಂದ ಬಿಚ್ಚಿದ ಒರಿಜಿನಲ್ ಎಸ್‌ಎಂಪಿಎಸ್ ಹುಡುಕಿ. 3020, 7020, 9020ರ ಟವರ್‌ಗಳಲ್ಲಿ ಬರುವುದು 290 ವ್ಯಾಟಿನದು. ಪ್ರಿಸಿಷನ್ ಟಿ1700 ಟವರಿನಲ್ಲೂ ಅದೇ ಥರದ್ದು ಸಿಗುತ್ತದೆ. ಚಿಕ್ಕ ಮಾದರಿಯ, ಅಂದರೆ ಎಸ್‌ಎಫ್‌ಎಫ್ ಕ್ಯಾಬಿನೆಟ್‌ನ 255 ವ್ಯಾಟಿನದನ್ನು ತರಬೇಡಿ. ಪ್ಲಗ್ ಒಂದೇ ಆದರೂ ನಿಮ್ಮ ಟವರಿನ ಸ್ಕ್ರೂ ಜಾಗಕ್ಕೆ ಕೂರುವುದಿಲ್ಲ. ಹಳೇ ಎಸ್‌ಎಂಪಿಎಸ್‌ನ ಲೇಬಲ್ ಮೇಲೆ ಡಿಪಿ/ಎನ್ ಅಂತ ಒಂದು ನಂಬರ್, ಅಂದರೆ ಡೆಲ್‌ನ ಬಿಡಿಭಾಗದ ನಂಬರ್, ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಹುಡುಕಾಟ ಸಲೀಸಾಗುತ್ತದೆ.

ಹೊಸ ಕಂಪ್ಯೂಟರ್ ಮಾರುವ ಶೋರೂಮ್‌ಗಳಲ್ಲಿ ಇದು ಸಿಗುವುದು ಕಷ್ಟ. ಕಂಪನಿಗಳಿಂದ ಲೀಸ್ ಮುಗಿದ ಡೆಸ್ಕ್‌ಟಾಪ್‌ಗಳನ್ನು ಲಾಟಿನಲ್ಲಿ ತಂದು ಮಾರುವವರು ಇರುತ್ತಾರಲ್ಲ, ದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ಅವರನ್ನು ಕೇಳಿ. ಬೋರ್ಡ್ ಹೋದ ಮಷಿನ್‌ಗಳು ಅವರ ಗೋದಾಮಿನಲ್ಲಿ ಬಿದ್ದಿರುತ್ತವೆ, ಅವುಗಳ ಎಸ್‌ಎಂಪಿಎಸ್ ಚೆನ್ನಾಗಿಯೇ ಇರುತ್ತದೆ. ಅಲ್ಲೂ ಸಿಗದಿದ್ದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆ. ಪರಿಚಯದವರಿದ್ದರೆ ಅವರಿಂದ ಚೆಕ್ ಮಾಡಿಸಿ ಬಸ್ ಪಾರ್ಸಲ್‌ನಲ್ಲಿ ತರಿಸಿಕೊಳ್ಳಿ. ದುರ್ಗ ಹೆದ್ದಾರಿ ಮೇಲೇ ಇರುವುದರಿಂದ ಬಸ್ಸಿಗೆ ಬರವಿಲ್ಲ. ಹತ್ತಿರದಲ್ಲೇ ಸಿಕ್ಕಿದರೆ ಮಾತ್ರ ಕ್ಯಾಬಿನೆಟ್ ಹೊತ್ತುಕೊಂಡೇ ಹೋಗಿ. ಅಲ್ಲೇ ಹಾಕಿಸಿ ಅರ್ಧ ಗಂಟೆ ಓಡಿಸಿ. ಫ್ಯಾನ್ ಸದ್ದು, ಸುಟ್ಟ ವಾಸನೆ ಗಮನಿಸಿ. ಒಂದು ವಾರವಾದರೂ ಟೆಸ್ಟಿಂಗ್ ವಾರಂಟಿ ಕೇಳಿ, ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಒರಿಜಿನಲ್ ಸಿಗಲೇ ಇಲ್ಲ ಅಂದರೆ ಎರಡನೇ ದಾರಿ: ಒಳ್ಳೆಯ ಕಂಪನಿಯ ಹೊಸ ಎಟಿಎಕ್ಸ್ (24 ಪಿನ್ನಿನ ಮಾಮೂಲಿ ಮಾದರಿಯ) ಎಸ್‌ಎಂಪಿಎಸ್, ಜೊತೆಗೆ 24ರಿಂದ 8 ಪಿನ್ನಿಗೆ ಬದಲಿಸುವ ಕೇಬಲ್. ಟವರಿನಲ್ಲಿ ಎಟಿಎಕ್ಸ್ ಅಳತೆಯದು ಕೂರುತ್ತದೆ. ಆದರೆ ಕೇಬಲ್ ಆರಿಸುವಾಗ ಹುಷಾರು. ಅದರ ವಿವರದಲ್ಲಿ "ಡೆಲ್ 3020" ಅಂತ ಮಾಡೆಲ್ ಹೆಸರೇ ಇರಬೇಕು. ಎಚ್‌ಪಿ, ಲೆನೊವೊಗೆ ಬರುವ ಕೇಬಲ್‌ಗಳ ವೈರಿಂಗ್ ಬೇರೆ. ಮಷಿನ್ ಆಫ್ ಇದ್ದಾಗಲೂ ಬೋರ್ಡಿಗೆ ಸ್ವಲ್ಪ ಕರೆಂಟ್ ಹೋಗುತ್ತಿರುತ್ತದೆ, ಅದನ್ನು ಸ್ಟ್ಯಾಂಡ್‌ಬೈ ಅನ್ನುತ್ತಾರೆ. ಮಾಮೂಲಿ ಎಟಿಎಕ್ಸ್‌ನಲ್ಲಿ ಅದು ನೇರಳೆ ವೈರಿನ 5 ವೋಲ್ಟ್. ನಿಮ್ಮ ಹಳೇ ಲೇಬಲ್ ಮೇಲೆ ಸ್ಟ್ಯಾಂಡ್‌ಬೈ ಎಷ್ಟು ಅಂತ ಓದಿ. 5 ಅಲ್ಲದೆ ಅದಕ್ಕಿಂತ ಹೆಚ್ಚಿದ್ದರೆ, ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಇರುವ ಕೇಬಲ್ಲೇ ಬೇಕು, ಬರೀ ವೈರ್ ಜೋಡಿಸಿದ್ದು ನಡೆಯುವುದಿಲ್ಲ.

ವ್ಯಾಟ್ ಬಗ್ಗೆ ಸ್ವಲ್ಪ. ಈ ಪೀಳಿಗೆಯ ಐ3ಗೆ 54, ಐ5ಗೆ 84 ವ್ಯಾಟ್ ಅಂತ ಇಂಟೆಲ್ ಹೇಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಮಷಿನ್ 150 ವ್ಯಾಟ್ ಕೂಡ ದಾಟುವುದಿಲ್ಲ, 290 ಧಾರಾಳ. ಹೊಸದು ತಗೊಂಡರೆ ಡಬ್ಬಿ ಮೇಲೆ ದೊಡ್ಡದಾಗಿ ಬರೆದ ಅಂಕಿ ನೋಡಬೇಡಿ, ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪ್ಸ್ ಇದೆ ನೋಡಿ. ಅಲ್ಲಿ 15 ಆಂಪ್ಸ್ ಅಂತಿದ್ದರೆ 12 ವೋಲ್ಟಿನಲ್ಲಿ ಸಿಗುವುದು 180 ವ್ಯಾಟ್ ಅಷ್ಟೇ, ಮೇಲೆ 450 ಅಂತ ಬರೆದಿದ್ದರೂ.

ಯುಪಿಎಸ್ ಕೂಡ ಒಮ್ಮೆ ಚೆಕ್ ಮಾಡಿಸಿ, ಅಂಗಡಿಯ ಅರ್ತಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟ್ ಹೋಗಿ ಬಂದಾಗಲೇ ಕೆಟ್ಟಿದೆ ಅನ್ನುತ್ತಿದ್ದೀರಿ, ಮೂಲ ಸರಿಪಡಿಸದೆ ಹೊಸ ಎಸ್‌ಎಂಪಿಎಸ್ ಹಾಕಿದರೆ ಅದಕ್ಕೂ ಅದೇ ಗತಿ ಬರಬಹುದು.

ಮಷಿನ್ ಆನ್ ಆದ ಮೇಲೆ ತಾರೀಖು ನೋಡಿ. ಬೋರ್ಡಿನ ಸಿಆರ್2032 ಸೆಲ್ ಖಾಲಿಯಾಗಿದ್ದರೆ ತಾರೀಖು ಹಿಂದಕ್ಕೆ ಹೋಗಿರುತ್ತದೆ, ಸರ್ಕಾರಿ ವೆಬ್‌ಸೈಟುಗಳು ಸುರಕ್ಷಿತವಲ್ಲ ಅಂತ ಬ್ರೌಸರ್ ತಡೆಯುತ್ತದೆ. ಸೆಲ್ ಬದಲಿಸಿ ತಾರೀಖು ಸರಿ ಮಾಡಿ. ಹಳೇ ಎಸ್‌ಎಂಪಿಎಸ್ ಲೇಬಲ್‌ನ ಫೋಟೋ ಇಲ್ಲಿ ಹಾಕಿದರೆ ಯಾವ ಕೇಬಲ್ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.